ಪಂಪ್‌ಶೆಡ್ಡಿನ ಬಾಗಿಲು

ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಭೂಮಧ್ಯರೇಖೆಯ ಕೆಳಗಿನ ಆ ನಾಡಿನಲ್ಲಿ ಚಳಿಗಾಲ ಮುಗಿಯುವ ಹೊತ್ತು, ಬೆಳಗಿನ ಆರೂವರೆ. ಮೇವಿಗೆ ಬೆಳೆದ ಕುದುರೆ ಮಸಾಲೆ ಸೊಪ್ಪಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದ ಹಾಗಿತ್ತು. ಡಲ್ಸಿ ಪೆಥೆರಿಕ್ ಪಂಪ್‌ಶೆಡ್ಡಿನೊಳಗೆ ಬೋರಿನ ಪಕ್ಕ ಮಂಡಿಯೂರಿ, ಟೋಪಿ ತೆಗೆದು, ಬಲಗಿವಿಯನ್ನು ಕೇಸಿಂಗ್ ಪೈಪಿನ ಬಾಯಿಗೆ ಒತ್ತಿ ಹಿಡಿದಿದ್ದಳು. ತಣ್ಣನೆಯ ಕಬ್ಬಿಣ ಕಿವಿಯನ್ನು ಕಚ್ಚುತ್ತಿತ್ತು. ಅವಳ ತಮ್ಮ ಕ್ಲೆಮ್ ಅಳತೆಯ ಟೇಪನ್ನು ಬೆರಳ ಸಂದಿನಿಂದ ಒಂದೊಂದೇ ಅಡಿ ಕೆಳಗೆ ಬಿಡುತ್ತಿದ್ದ. ಟೇಪಿನ ತುದಿಯಲ್ಲಿ ತಳ ಟೊಳ್ಳಾದ ಹಿತ್ತಾಳೆಯ ಗುಂಡು. ನೀರು ಮುಟ್ಟಿದ ಕೂಡಲೇ ಅದು ಕೊಳಕ್ಕೆ ಹಾರಿದ ಕಪ್ಪೆಯ ಹಾಗೆ ಒಂದೇ ಒಂದು ಸಲ ಪ್ಲಕ್ ಎನ್ನುತ್ತದೆ. ಆ ಮನೆಯಲ್ಲಿ ಅದಕ್ಕೆ ಕಪ್ಪೆ ಎಂದೇ ಹೆಸರು.

"ತೊಂಬತ್ತೆಂಟು," ಎಂದ ಕ್ಲೆಮ್.

"ಇಲ್ಲ."

"ತೊಂಬತ್ತೊಂಬತ್ತು. ನಿದ್ದೆಗಿದ್ದೆ ಮಾಡ್ತಿದೀಯಾ ಡಲ್?"

"ಬಾಯ್ಮುಚ್ಚೋ. ನಿನ್ನ ಉಸಿರೇ ಕೇಳ್ತಿದೆ, ಕಪ್ಪೆ ಎಲ್ಲಿ ಕೇಳಬೇಕು."

"ಉಸಿರೂ ನಿಲ್ಲಿಸ್ಲಾ ಹಂಗಾದ್ರೆ?"

"ಎರಡು ನಿಮಿಷ ನಿಲ್ಲಿಸು. ಸಾಯಲ್ಲ ನೀನು."

ನೂರಾ ಒಂದನೇ ಅಡಿಗೆ ಕಪ್ಪೆ ಕೂಗಿತು. ಡಲ್ಸಿಗೆ ನಂಬಿಕೆ ಬರಲಿಲ್ಲ. ಎತ್ತಿ ಮತ್ತೆ ಬಿಡು ಎಂದಳು. ಮತ್ತೆ ನೂರಾ ಒಂದೇ. ಅವಳು ಎದ್ದು, ಜೇಬಿನಿಂದ ಚಾಕು ತೆಗೆದು, ಶೆಡ್ಡಿನ ಬಾಗಿಲ ಒಳಮೈಯಲ್ಲಿ ಗುರುತು ಕೆತ್ತಲು ಮತ್ತೆ ಮಂಡಿಯೂರಿದಳು. ಗುರುತು ಈಗ ಮೊಣಕಾಲಿನಿಂದ ಕೆಳಗೆ ಇಳಿದಿತ್ತು.

ಆ ಬಾಗಿಲು ಅವರ ಅಪ್ಪ ಮಾಡಿದ್ದು. ಬೋರು ಕೊರೆಸಿದ ವರ್ಷ ನೀರು ಮೂವತ್ತೆಂಟು ಅಡಿಗೇ ನಿಂತಿತ್ತು. ಬಾಗಿಲ ಮೇಲಿನ ಅಂಚನ್ನೇ ಮೂವತ್ತೆಂಟು ಎಂದು ಇಟ್ಟುಕೊಂಡು, ನೀರು ಒಂದು ಅಡಿ ಇಳಿದರೆ ಗುರುತು ಒಂದು ಅಂಗುಲ ಇಳಿಯಲಿ ಎಂದು ಅಪ್ಪ ಲೆಕ್ಕ ಮಾಡಿದ. ಪಂಪು ಶುರು ಮಾಡುವ ಮುಂಚೆ, ನೆಲ ಚಳಿಗಾಲವಿಡೀ ಸುಧಾರಿಸಿಕೊಂಡ ಮೇಲೆ, ವರ್ಷಕ್ಕೊಂದೇ ಗುರುತು. ಡೀಸೆಲ್ ಇಂಜಿನ್ನಿನ ಪಕ್ಕ ನಿಂತು ನಿಂತು ಅಪ್ಪನ ಕಿವಿ ಆಗಲೇ ಹೋಗಿತ್ತು. ಹಾಗಾಗಿ ಟೇಪು ಬಿಡುವುದು ಅವನ ಕೆಲಸ, ಕೇಳಿಸಿಕೊಳ್ಳುವುದು ಹನ್ನೊಂದು ವರ್ಷದ ಡಲ್ಸಿಯ ಕೆಲಸ. ಮೊದಮೊದಲ ಗುರುತು ಅವಳ ಕೈಗೆ ಎಟುಕುತ್ತಿರಲಿಲ್ಲ. ಅವಳು ಬೆಳೆದಂತೆ ಗುರುತು ಇಳಿಯಿತು. ಮದುವೆಯಾಗಬೇಕೆಂದಿದ್ದು ಆಗದೆ ಹೋದ ವರ್ಷ ಅದು ಕಣ್ಣಿನ ಮಟ್ಟದಲ್ಲಿತ್ತು. ಅಪ್ಪ ತೀರಿಕೊಂಡ ವರ್ಷ ಸೊಂಟದ ಮಟ್ಟದಲ್ಲಿತ್ತು. ದೊಡ್ಡ ಪ್ರವಾಹ ಬಂದ ಮರುವರ್ಷಗಳಲ್ಲಿ ನಾಲ್ಕೈದು ಅಂಗುಲ ಮೇಲೆ ಹತ್ತಿತ್ತು. ಆದರೆ ಹತ್ತಿದ್ದು ಅಲ್ಲೇ ಉಳಿಯದೆ ಮತ್ತೆ ಇಳಿಯಿತು.

ಅಪ್ಪ ಒಂದು ನೇಮ ಮಾಡಿಕೊಂಡಿದ್ದ. ಸರ್ಕಾರ ಎಷ್ಟು ನೀರಿಗೆ ಅನುಮತಿ ಕೊಟ್ಟಿದೆಯೋ ಅದರಲ್ಲಿ ಅರ್ಧ ಮಾತ್ರ ಎತ್ತಬೇಕು, ಉಳಿದರ್ಧ ನೆಲದಲ್ಲೇ ಬಿಡಬೇಕು, ಮುಂದೆ ಕೆಟ್ಟ ವರ್ಷ ಬಂದಾಗ ಇರಲಿ ಎಂದು. ಒಳ್ಳೆ ಮಳೆಯಾದ ವರ್ಷ ಪಂಪನ್ನು ಮುಟ್ಟುತ್ತಲೇ ಇರಲಿಲ್ಲ. ಡಲ್ಸಿಯೂ ಹಾಗೆಯೇ ನಡೆಸಿಕೊಂಡು ಬಂದಳು. ನಲವತ್ತು ಎಕರೆ ಕುದುರೆ ಮಸಾಲೆ. ಅಕ್ಕ ನೀರು ಕಟ್ಟುವುದು, ತಮ್ಮ ಹುಲ್ಲು ಕೊಯ್ದು ಒಣಗಿಸಿ ಯಂತ್ರದಲ್ಲಿ ಪೆಂಡಿ ಕಟ್ಟುವುದು. ಸುತ್ತಲಿನ ಕುದುರೆಯವರು, ಹಸುವಿನವರು ಅವರ ಹುಲ್ಲಿಗಾಗಿಯೇ ಕಾಯುತ್ತಿದ್ದರು. ಇಬ್ಬರೂ ಬೇರೆ ಏನನ್ನೂ ಕಲಿತವರಲ್ಲ.

ಬೇಲಿಯಾಚೆ ರಸ್ ಗ್ಯಾಫ್ನಿ ಹತ್ತಿ ಬೆಳೆಯುತ್ತಿದ್ದ. ಒಳ್ಳೆಯವನೇ. ಬಾಯಿ ಮಾತ್ರ ಜಾಸ್ತಿ. ಬೇಲಿಗೆ ಮೊಣಕೈ ಊರಿ ವರ್ಷಕ್ಕೊಂದು ಸಲವಾದರೂ ಹೇಳುತ್ತಿದ್ದ:

"ನೀನು ಅಲ್ಲಿ ಬಿಡ್ತೀಯಲ್ಲ ನೀರು, ಅದು ನನ್ನ ಬೋರಿಗೇ ಬರೋದು ಮಾರಾಯ್ತಿ. ಕೆಳಗೆ ಬೇಲಿ ಹಾಕ್ಸಿದೀಯಾ?"

"ಕುಡ್ಕೊಂಡು ಸಾಯಿ," ಎನ್ನುತ್ತಿದ್ದಳು ಡಲ್ಸಿ.

"ಸಾಯ್ತೀನಿ. ಬಾಯಾರಿ ಮಾತ್ರ ಸಾಯಲ್ಲ."

ಇಬ್ಬರೂ ನಗುತ್ತಿದ್ದರು. ಅದು ನಗುವ ಮಾತೇ ಆಗಿತ್ತು, ಇಷ್ಟು ವರ್ಷ.

ನಾಲ್ಕು ವರ್ಷದ ಹಿಂದೆ ಒಂದು ಸುದ್ದಿ ಹಬ್ಬಿತ್ತು. ಸರ್ಕಾರ ನೀರು ಕಡಿತ ಮಾಡುತ್ತದಂತೆ, ಯಾರ ಮೀಟರು ಎಷ್ಟು ತಿರುಗಿದೆಯೋ ಅಷ್ಟೇ ಅವರಿಗಂತೆ ಎಂದು. ಆ ಚಳಿಗಾಲ ಊರಿನ ಸುಮಾರು ಜನ ಬೆಳೆಯಿಲ್ಲದ ಹೊಲಕ್ಕೂ ಪಂಪು ಹಚ್ಚಿದರು. ನೀರು ಹಳ್ಳಕ್ಕೆ ಹರಿಯುತ್ತಿತ್ತು, ಮೀಟರು ತಿರುಗುತ್ತಿತ್ತು. ಒಣಗಿದ್ದ ಹಳ್ಳದಲ್ಲಿ ಬಾತುಕೋಳಿ ಬಂದು ಇಳಿದವು. ಕ್ಲೆಮ್ ಅಕ್ಕನ ಮುಂದೆ ಬಂದು ನಿಂತಿದ್ದ.

"ನಾವೂ ಹಚ್ಚೋಣ ಡಲ್. ಆರು ವಾರ. ಮೀಟರು ತಿರುಗಲಿ, ಅಷ್ಟೇ."

"ನೀರು ಎಲ್ಲಿಗೆ ಬಿಡ್ತೀಯಾ?"

"ಹಳ್ಳಕ್ಕೆ. ಎಲ್ಲರೂ ಬಿಡ್ತಿಲ್ವಾ?"

"ಅಪ್ಪ ಇಪ್ಪತ್ತು ವರ್ಷ ಉಳಿಸಿದ್ದನ್ನ ಬಾತುಕೋಳಿಗೆ ಕೊಡಬೇಕಾ?"

"ಕಡಿತ ಆದ್ರೆ ಏನ್ಮಾಡ್ತೀಯಾ?"

"ಕಡಿತ ಆದ್ರೆ ಉಳಿಸಿದವರಿಗೆ ಕಡಿತ ಮಾಡ್ತಾರೇನೋ? ತಲೆ ಇದೆಯಾ ನಿಂಗೆ?"

ಕ್ಲೆಮ್ ಮತ್ತೆ ಆ ಮಾತೆತ್ತಲಿಲ್ಲ. ಬಿಟ್ಟದ್ದನ್ನು ಕೆದಕುವ ಗುಣ ಅವನದಲ್ಲ.

ಈಗ ಗುರುತು ಕೆತ್ತಿ ಎದ್ದ ಅಕ್ಕನ ಕೈಗೆ ಅವನು ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟ. ಶುಕ್ರವಾರವೇ ಬಂದಿತ್ತು. ಅಳತೆಯ ದಿನದವರೆಗೆ ಯಾಕೆ ಅವಳ ಮನಸ್ಸು ಕೆಡಿಸುವುದು ಎಂದು ಇಟ್ಟುಕೊಂಡಿದ್ದ. ಮುಂದಿನ ಬುಧವಾರ ಬೆಳಿಗ್ಗೆ ಹತ್ತಕ್ಕೆ ಊರಿನ ಸಭಾಂಗಣದಲ್ಲಿ ಸಭೆ. ಕಣಿವೆಯ ಬೋರುಗಳ ನೀರಿನ ಪಾಲು ಹೊಸದಾಗಿ ಹಂಚುತ್ತಾರೆ. ಹಿಂದಿನ ಹತ್ತು ವರ್ಷದ ಮೀಟರಿನ ಓದಿನ ಮೇಲೆ.

ಡಲ್ಸಿ ಎರಡು ಸಲ ಓದಿದಳು. ಆಮೇಲೆ ಬಾಗಿಲನ್ನು ನೋಡಿದಳು.

"ಸ್ಕ್ರೂಡ್ರೈವರ್ ತಾ," ಎಂದಳು.

"ಯಾಕೆ?"

"ಇದನ್ನ ಬಿಚ್ಚಿ ತಗೊಂಡು ಹೋಗೋಣ. ಮೀಟರು ಬೇರೆ ಹೇಳಬಹುದು. ನಾವು ಲೆಕ್ಕ ಇಟ್ಟು ಉಳಿಸಿದೀವಿ ಅನ್ನೋದಕ್ಕೆ ಇದೇ ಸಾಕ್ಷಿ."

"ಬಾಗಿಲು ಹೊತ್ಕೊಂಡು ಸಭೆಗೆ ಹೋದ್ರೆ ಜನ ನಗ್ತಾರೆ ಡಲ್."

"ನಗಲಿ. ಹಲ್ಲಿದ್ದವರು ನಗಲಿ."

ಬುಧವಾರ ಸಭಾಂಗಣ ತುಂಬಿತ್ತು. ಮಹಿಳಾ ಸಂಘದವರು ಕುಂಬಳದ ಸ್ಕೋನು ಬನ್ನು, ಚಹಾ ಇಟ್ಟಿದ್ದರು, ಯಾರೂ ಮುಟ್ಟಿರಲಿಲ್ಲ. ನೀರಿನ ಇಲಾಖೆಯಿಂದ ಬಂದವಳು ಇಮೋಜೆನ್ ಎಂಬ ಮೂವತ್ತರ ಹೆಣ್ಣುಮಗಳು. ಬೈಸಿಕೊಳ್ಳಲೆಂದೇ ಬಂದವಳ ಹಾಗೆ ಭುಜ ಗಟ್ಟಿ ಮಾಡಿಕೊಂಡು ನಿಂತಿದ್ದಳು.

"ಮೂವತ್ತು ವರ್ಷ ಕೇಳಿದವರಿಗೆಲ್ಲ ಅನುಮತಿ ಕೊಟ್ವಿ," ಎಂದಳು. "ಮಳೆಯಿಂದ ಕೆಳಗಿಳಿಯೋ ನೀರು ಒಂದು ಪಾಲಾದ್ರೆ ನಾವು ಬರೆದುಕೊಟ್ಟಿದ್ದು ಎರಡೂವರೆ ಪಾಲು. ತಪ್ಪು ನಮ್ಮದೇ. ಆದ್ರೆ ಕಡಿಮೆ ಮಾಡ್ದೇ ಇದ್ರೆ ಇನ್ನು ಇಪ್ಪತ್ತು ವರ್ಷಕ್ಕೆ ಯಾರ ಬೋರಲ್ಲೂ ಏನೂ ಇರಲ್ಲ."

ಹಿಂದಿನ ಸಾಲಿನಲ್ಲಿ ರಸ್ ಎದ್ದ. "ನೀರು ಬರಗಾಲಕ್ಕೆ ಇಳಿಯುತ್ತೆ, ಪ್ರವಾಹಕ್ಕೆ ಏರುತ್ತೆ. ನಮ್ಮಜ್ಜನ ಕಾಲದಿಂದ್ಲೂ ಹಂಗೇ. ನಿಮ್ಮ ಹತ್ರ ಹದಿನಾಲ್ಕು ವರ್ಷದ ಅಳತೆ ಇದೆ, ಅದ್ರಲ್ಲಿ ಅರ್ಧ ಬರಗಾಲದ ವರ್ಷ. ಅದನ್ನಿಟ್ಕೊಂಡು ಕತ್ತರಿ ಹಾಕ್ತೀರಾ? ಕೋರ್ಟಿಗೆ ಹೋಗ್ತೀವಿ."

ಜನ ಹೋ ಎಂದರು. ಇಮೋಜೆನ್ ಕಾಗದ ತಿರುವಿದಳು. ಹದಿನಾಲ್ಕು ವರ್ಷಕ್ಕಿಂತ ಹಿಂದಿನ ಅಳತೆ ಅದರಲ್ಲಿ ಒಂದೂ ಇರಲಿಲ್ಲ.

ಆಗ ಡಲ್ಸಿ ಎದ್ದಳು. ಸಭೆಯಲ್ಲಿ ಎದ್ದು ಮಾತಾಡಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

"ನಾವು ಅರ್ಧ ಮಾತ್ರ ಎತ್ತಿದೀವಿ," ಎಂದಳು. "ಮಳೆ ವರ್ಷ ಅದೂ ಇಲ್ಲ. ನಮಗೇನು ನ್ಯಾಯ?"

"ನಿಮ್ಮ ಮೀಟರಿನ ಓದು…"

"ಮೀಟರು ಎತ್ತಿದ್ದನ್ನ ಹೇಳುತ್ತೆ ಕಣಮ್ಮಾ. ಬಿಟ್ಟದ್ದನ್ನ ಹೇಳುತ್ತಾ? ನಾವು ಬಿಟ್ಟಿದ್ದು ಕೆಳಗಿದೆ. ಅದು ನಮ್ದು."

ಇಮೋಜೆನ್ ಮೆಲ್ಲಗೆ ಹೇಳಿದಳು: "ನೆಲದೊಳಗೆ ಯಾರ ಹೆಸರೂ ಬರೆಯೋಕಾಗಲ್ಲ ಡಲ್ಸಿಯವರೇ."

"ನಾವು ಬರೆದಿದೀವಿ," ಎಂದಳು ಡಲ್ಸಿ. "ಕ್ಲೆಮ್, ಹಿಡಿ."

ಅಕ್ಕ ತಮ್ಮ ಇಬ್ಬರೂ ಹೊರಗೆ ಹೋಗಿ ಗಾಡಿಯಿಂದ ಬಾಗಿಲನ್ನು ಇಳಿಸಿ, ಅಡ್ಡಡ್ಡ ಹಿಡಿದು ಕುರ್ಚಿಗಳ ನಡುವೆ ತಂದರು. ಯಾರೋ, "ಸ್ವಂತ ಬಾಗಿಲು ತಂದಿದಾರಪ್ಪ, ಬೇಗ ಹೊರಗೆ ಹೋಗೋಕೆ," ಎಂದರು. ಜನ ನಕ್ಕರು. ಬಾಗಿಲನ್ನು ವೇದಿಕೆಗೆ ಒರಗಿಸಿದ ಮೇಲೆ ನಗು ತಾನಾಗಿ ನಿಂತಿತು. ಮೇಲಿನಂಚಿನಿಂದ ಕೆಳಗಿನವರೆಗೆ, ಹಸಿರು ಬಣ್ಣದ ಮೇಲೆ, ಮೂವತ್ತೆಂಟು ವರ್ಷದ ಚಾಕುವಿನ ಗೆರೆಗಳು, ಪಕ್ಕದಲ್ಲಿ ವರ್ಷದ ಅಂಕಿ. ಮೊದಲರ್ಧ ಅಪ್ಪನ ಕೈ, ಉಳಿದದ್ದು ಮಗಳ ಕೈ.

ಇಮೋಜೆನ್ ವೇದಿಕೆಯಿಂದ ಇಳಿದು ಬಂದಳು. ಮೇಲಿನಿಂದ ಬೆರಳಾಡಿಸುತ್ತಾ ಬಂದು, ಸೊಂಟದ ಮಟ್ಟಕ್ಕೆ ಬಗ್ಗಿ, ಕೊನೆಗೆ ಮಂಡಿಯೂರಿದಳು. ಡಲ್ಸಿ ಹೇಗೆ ಅಳತೆ ಮಾಡುತ್ತಾಳೆ, ಯಾವ ದಿನ, ಪಂಪು ನಿಲ್ಲಿಸಿ ಎಷ್ಟು ದಿನಕ್ಕೆ, ಎಂದು ಒಂದೊಂದಾಗಿ ಕೇಳಿದಳು. ಡಲ್ಸಿ ಒಂದೊಂದಕ್ಕೂ ಉತ್ತರ ಕೊಟ್ಟಳು. ತನ್ನ ಮಾತನ್ನು ಯಾರೋ ಇಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾರೆ ಎಂದು ಅವಳ ಎದೆ ಹಗುರಾಗುತ್ತಿತ್ತು.

ಇಮೋಜೆನ್ ಎದ್ದಾಗ ಅವಳ ಮುಖ ಬೇರೆಯಾಗಿತ್ತು. "ಇಂಥದ್ದು ಇಡೀ ಕಣಿವೆಯಲ್ಲಿ ಇಲ್ಲ," ಎಂದಳು ಜನರ ಕಡೆ ತಿರುಗಿ. "ನೋಡಿ. ಪ್ರವಾಹ ಬಂದ ವರ್ಷ ಏರಿದೆ, ಹೌದು. ಆದ್ರೆ ಒಂದು ಸಲವೂ ಹಿಂದಿನ ಮಟ್ಟಕ್ಕೆ ವಾಪಸ್ ಹೋಗಿಲ್ಲ. ಮೂವತ್ತೆಂಟು ವರ್ಷ, ಒಂದೇ ದಾರಿ, ಕೆಳಕ್ಕೆ. ಇನ್ನು ಯಾವ ಕೋರ್ಟಿಗೆ ಹೋದ್ರೂ ಕಡಿತ ನಿಲ್ಲಲ್ಲ."

ಹಿಂದಿನ ಸಾಲಿನಲ್ಲಿ ರಸ್ ಕೂತುಬಿಟ್ಟ.

ಡಲ್ಸಿಗೆ ತಕ್ಷಣ ಅರ್ಥವಾಗಲಿಲ್ಲ. "ನಾನು ಉಳಿಸಿದ್ದು?" ಎಂದು ಕೇಳಿದಳು.

ಇಮೋಜೆನ್ ಬಾಗಿಲನ್ನು ನೋಡಿದಳು, ಡಲ್ಸಿಯನ್ನು ನೋಡಿದಳು. ಅವಳಿಗೂ ಕಷ್ಟವಾಯಿತು. "ಉಳಿದಿದ್ರೆ ಇದು ಇಷ್ಟು ಇಳೀತಿರ್ಲಿಲ್ಲ," ಎಂದಳು. "ನೀವು ಬಿಟ್ಟಿದ್ದು ಇಲ್ಲಿ ನಿಂತಿಲ್ಲ. ನಿಮ್ಮ ಬಾಗಿಲೇ ಹೇಳ್ತಿದೆ."

"ಎಲ್ಲಿಗೆ ಹೋಯ್ತು ಹಂಗಾದ್ರೆ?"

ರಸ್ ಹಿಂದಿನಿಂದ ಹೇಳಿದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನಂಗೆ ಬಂತು ಡಲ್. ಹತ್ತಿ ಆಯ್ತು, ಅಂಗಿ ಆಯ್ತು. ಯಾರೋ ಹಾಕ್ಕೊಂಡು ಓಡಾಡ್ತಿದಾರೆ. ವರ್ಷಾ ವರ್ಷಾ ಹೇಳ್ದೆ ನಿಂಗೆ, ನೀನು ನಗ್ತಿದ್ದೆ."

ಬಾಗಿಲನ್ನು ಒಂದಿಷ್ಟು ದಿನ ಇಟ್ಟುಕೊಂಡು ನಕಲು ತೆಗೆದುಕೊಳ್ಳಬಹುದೇ ಎಂದು ಇಮೋಜೆನ್ ಕೇಳಿದಳು. ಡಲ್ಸಿ ಹೂಂ ಎಂದಳು. ತಾನೇ ತಂದುಕೊಟ್ಟದ್ದು. ಹೊರಗೆ ಬಂದಾಗ ಗಾಡಿಗಳ ಹತ್ತಿರ ನಿಂತಿದ್ದವರು ದಾರಿ ಬಿಟ್ಟರು, ಯಾರೂ ಮಾತಾಡಿಸಲಿಲ್ಲ. ಒಬ್ಬನು ಮಾತ್ರ, ಅವರಲ್ಲಿ ಎಷ್ಟೋ ವರ್ಷ ಹುಲ್ಲು ಕೊಂಡವನು, ಕ್ಲೆಮ್‌ಗೆ ಹೇಳಿದ:

"ನಿಮ್ಮಕ್ಕನಿಗೆ ಹೇಳು, ಮುಂದಿನ ಸಲ ಕಿಟಕಿನೂ ತರಲಿ."

ಹೊಸ ಪಾಲಿನ ಕಾಗದ ಅಕ್ಟೋಬರದಲ್ಲಿ ಬಂತು. ಎಲ್ಲರಿಗೂ ಕಡಿತವಾಗಿತ್ತು. ರಸ್‌ಗೆ ಮುಂಚಿನದರಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಮಳೆ ವರ್ಷ ಮೀಟರೇ ತಿರುಗದ ಪೆಥೆರಿಕ್ ಮನೆಗೆ ಸಿಕ್ಕಿದ್ದು ಒಂಬತ್ತು ಎಕರೆಗೆ ಸಾಲುವಷ್ಟು. ಡಲ್ಸಿ ಇಲಾಖೆಗೆ ಫೋನು ಮಾಡಿದಳು. ಆ ಕಡೆಯವರು ಸೌಜನ್ಯದಿಂದಲೇ ಕೇಳಿಸಿಕೊಂಡರು, ಕಾಗದದಲ್ಲಿದ್ದ ಮಾತನ್ನೇ ಓದಿ ಹೇಳಿದರು. ಅವಳು ಕಾಗದ ಬರೆದಳು. ಅದಕ್ಕೆ ಬಂದ ಉತ್ತರದಲ್ಲೂ ಅದೇ ಮಾತಿತ್ತು. ಬೈಯಲು ಒಬ್ಬರಾದರೂ ಕೆಟ್ಟವರು ಸಿಕ್ಕಿದ್ದರೆ ಚೆನ್ನಾಗಿತ್ತು. ಸಿಗಲಿಲ್ಲ.

"ಬೈಯೋ," ಎಂದಳು ಒಂದು ದಿನ ತಮ್ಮನಿಗೆ, ಊಟದ ಮೇಜಿನ ಮುಂದೆ. "ಆವತ್ತು ಪಂಪು ಹಚ್ಚೋಣ ಅಂದಿದ್ದೆ. ನಾನು ಬೇಡ ಅಂದೆ. ಬೈದುಬಿಡು ಒಂದ್ಸಲ."

ಕ್ಲೆಮ್ ತಣ್ಣಗಿನ ಕುರಿಮಾಂಸವನ್ನು ಬ್ರೆಡ್ಡಿನ ಮೇಲಿಡುತ್ತಿದ್ದ. "ಸಾಸಿವೆ ಸಾಸು ಎಲ್ಲಿ?" ಎಂದ.

ಒಂಬತ್ತು ಎಕರೆಗೆ ನೀರು ಕಟ್ಟಿ ಮೂವತ್ತೊಂದು ಎಕರೆ ಒಣಗಲು ಬಿಡುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಮನೆಗೆ ಹತ್ತಿರದ್ದಕ್ಕೆ ಕಟ್ಟಿದಳು. ಉಳಿದದ್ದು ಕೂಡಲೇ ಸಾಯಲಿಲ್ಲ. ಕುದುರೆ ಮಸಾಲೆಯ ಬೇರು ಆಳಕ್ಕೆ ಹೋಗುತ್ತದೆ. ಡಿಸೆಂಬರದವರೆಗೆ ಬುಡದಲ್ಲಿ ಹಸಿರು ಇಟ್ಟುಕೊಂಡು ಕಾದಿತ್ತು. ಕ್ರಿಸ್‌ಮಸ್ ಹೊತ್ತಿಗೆ ಬಿಸಿಗಾಳಿ ಎದ್ದಿತು. ಬೇಲಿಯಾಚೆ ರಸ್‌ನ ಮೂರು ಪಂಪು ಹಗಲೂ ರಾತ್ರಿ ನಡೆಯುತ್ತಿದ್ದವು. ಅವನ ಪಾಲಿನದೇ, ಕಾನೂನಿನ ಪ್ರಕಾರವೇ. ಜನವರಿ ಎರಡನೇ ವಾರ ಡಲ್ಸಿಯ ಬೋರು ಗಾಳಿ ಹೊಡೆಯಿತು. ಪೈಪಿನ ಬಾಯಿಂದ ನೀರು ಕೆಮ್ಮಿ ಕೆಮ್ಮಿ ಬಂತು, ಆಮೇಲೆ ಬರೀ ಕೆಮ್ಮು ಬಂತು. ಅವಳು ಇಂಜಿನ್ ಆರಿಸಿದಳು. ಅವಳ ಪಾಲಿನಲ್ಲಿ ಇನ್ನೂ ನಾಲ್ಕು ಎಕರೆಯಷ್ಟು ನೀರು ಕಾಗದದ ಮೇಲೆ ಬಾಕಿ ಇತ್ತು.

ಬಾಗಿಲು ವಾಪಸ್ ಬಂದದ್ದು ಫೆಬ್ರವರಿಯಲ್ಲಿ. ಪ್ಲಾಸ್ಟಿಕ್ ಸುತ್ತಿ, ಧನ್ಯವಾದದ ಚೀಟಿ ಅಂಟಿಸಿ, ಜೋಪಾನವಾಗಿ ಕಳಿಸಿದ್ದರು. ಅಷ್ಟು ತಿಂಗಳು ಬಾಗಿಲಿಲ್ಲದೆ ಶೆಡ್ಡಿನ ಚೌಕಟ್ಟು ಬಿಸಿಲಿಗೆ ಸೊಟ್ಟಗಾಗಿತ್ತು. ಕ್ಲೆಮ್ ಎರಡು ಸಲ ಉಜ್ಜಿ ಕೂರಿಸಿದ. ಆದರೂ ಮುಚ್ಚಿಕೊಳ್ಳಲಿಲ್ಲ.

ಅದೇ ತಿಂಗಳು ರಸ್ ಬಂದ. ಬೇಲಿಯ ಹತ್ತಿರ ನಿಲ್ಲದೆ ಮನೆಗೇ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತ. ಅವನ ಬೋರುಗಳೂ ಕೆಮ್ಮುತ್ತಿದ್ದವು. ನೀರಿನ ಪಾಲನ್ನು ಕಣಿವೆಯ ಕೆಳಗಿನ ಒಂದು ದೊಡ್ಡ ಜಮೀನಿನವರಿಗೆ ಮಾರಿದ್ದ; ಹೊಸ ನಿಯಮದಲ್ಲಿ ನೆಲ ಇಲ್ಲಿ ಬಿಟ್ಟು ನೀರಿನ ಪಾಲನ್ನಷ್ಟೇ ಮಾರಬಹುದಿತ್ತು. ಅವನೂ ಹೆಂಡತಿಯೂ ಕಡಲ ಕಡೆ ಮಗಳ ಮನೆಗೆ ಹೊರಟಿದ್ದರು. ಡಲ್ಸಿ ಚಹಾ ಕೊಟ್ಟಳು. ಬಂದವರಿಗೆ ಚಹಾ ಕೊಡುತ್ತಾರೆ, ಅದಕ್ಕೆ ಕೊಟ್ಟಳು.

"ನಾನು ಬಿಟ್ಟಿದ್ರೆ ಆಚೆಯವನು ಎತ್ತುತ್ತಿದ್ದ," ಎಂದ ರಸ್, ಲೋಟದೊಳಗೆ ನೋಡುತ್ತ. "ನೀನು ಬಿಟ್ಟೆ, ನಾನು ಎತ್ತಿದೆ. ಬೇರೆ ಏನು ಮಾಡಬಹುದಿತ್ತು, ಹೇಳು."

ಡಲ್ಸಿ ಸಕ್ಕರೆ ಡಬ್ಬಿಯನ್ನು ಅವನ ಕಡೆ ಸರಿಸಿದಳು.

"ಸಕ್ಕರೆ ಸಾಕಾ?" ಎಂದಳು.

ರಸ್‌ನ ನೀರು ಕೊಂಡ ಜಮೀನಿನವರಿಗೆ ಹುಲ್ಲು ಕಟ್ಟುವವರು ಬೇಕಿದ್ದರು. ಯಂತ್ರ ತಂದರೆ ವಸತಿ ಕೊಡುತ್ತೇವೆ ಎಂದು ಕ್ಲೆಮ್‌ಗೆ ಹೇಳಿಕಳಿಸಿದರು. ಇಲ್ಲಿಂದ ನೂರು ಮೈಲಿ. ಹೋಗು ಎಂದು ಡಲ್ಸಿ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕಟ್ಟಲು ಇಲ್ಲಿ ಹುಲ್ಲಿರಲಿಲ್ಲ. ಅವನ ಅಂಗಿಗಳಿಗೆ ಗುಂಡಿ ಹೊಲಿದಳು. ನೀನೂ ಬಾ ಎಂದು ಅವನು ಒಂದೇ ಸಲ ಕರೆದ. ಮನೆಯಲ್ಲಿ ಕುಡಿಯಲು ಮಳೆನೀರಿನ ತೊಟ್ಟಿ ಇದೆ, ಏಳು ಹಸು ಇವೆ, ನೋಡೋಣ ಎಂದಳು.

ಹೊರಡುವ ಬೆಳಿಗ್ಗೆ ಯಂತ್ರವನ್ನು ಲಾರಿಗೆ ಕಟ್ಟಿದ ಮೇಲೆ ಕ್ಲೆಮ್ ಸುಮ್ಮನೆ ಪಂಪ್‌ಶೆಡ್ಡಿನ ಕಡೆ ನಡೆದ. ಡಲ್ಸಿ ಹಿಂದೆ ಹೋದಳು. ಅವನು ಮೊಳೆಯಿಂದ ಟೇಪು ಇಳಿಸುತ್ತಿದ್ದ.

"ಇದು ಆಗಸ್ಟ್ ಅಲ್ಲ ಕಣೋ."

"ಆಗಸ್ಟಲ್ಲಿ ಯಾರು ಬಿಡ್ತಾರೆ ನಿಂಗೆ? ಒಂದು ಕೈಯಲ್ಲಿ ಬಿಟ್ಕೊಂಡು ಇನ್ನೊಂದು ಕಿವೀಲಿ ಕೇಳ್ತೀಯಾ? ಕೂತ್ಕೋ."

ಅವಳು ಮಂಡಿಯೂರಿದಳು. ಕಬ್ಬಿಣ ಈಗ ಬೆಚ್ಚಗಿತ್ತು. ನೂರು ಎಂದ ಕ್ಲೆಮ್. ನೂರಾ ಹತ್ತು ಎಂದ. ಆಮೇಲೆ ಒಂದೊಂದೇ ಅಡಿ. ನೂರಾ ಇಪ್ಪತ್ತಕ್ಕೆ ಅವನ ಕೈಯಲ್ಲಿ ಬರೀ ತುದಿಯ ಉಂಗುರ ಉಳಿಯಿತು.

"ಟೇಪು ಮುಗೀತು. ಕೇಳಿಸ್ತಾ?"

"ಇಲ್ಲ."

"ನೀರಿಲ್ವೋ, ನಿನ್ನ ಕಿವಿ ಹೋಯ್ತೋ?"

ಅವಳು ಇನ್ನೂ ಒಂದಿಷ್ಟು ಹೊತ್ತು ಕಿವಿ ಒತ್ತಿ ಹಿಡಿದಳು. ಒಳಗೆ ಗಾಳಿಯ ಹಾಗೆ ಏನೋ ಇತ್ತು. ಅದು ಬೋರಿನದೋ ತನ್ನ ತಲೆಯದೋ ತಿಳಿಯಲಿಲ್ಲ. ಮೂವತ್ತೆಂಟು ವರ್ಷ ಆ ಇಂಜಿನ್ನಿನ ಪಕ್ಕ ಅವಳೂ ನಿಂತಿದ್ದಳು.

"ಗೊತ್ತಿಲ್ಲ ಕ್ಲೆಮ್. ನೀನು ಕೇಳು."

ಅವಳು ಉಂಗುರ ಹಿಡಿದಳು. ಕ್ಲೆಮ್ ನೆಲಕ್ಕೆ ಬಗ್ಗಿ ಕಿವಿ ಇಟ್ಟ. ಟ್ರ್ಯಾಕ್ಟರು, ಹುಲ್ಲಿನ ಯಂತ್ರ ಅವನ ಕಿವಿಯನ್ನೂ ಎಂದೋ ತಿಂದಿದ್ದವು. ಅವಳು ಟೇಪನ್ನು ಮೇಲೆತ್ತಿ ಬಿಟ್ಟಳು, ಮೇಲೆತ್ತಿ ಬಿಟ್ಟಳು. ಅವನು ತಲೆ ಅಲ್ಲಾಡಿಸಿದ. ಇಲ್ಲ ಎಂದೋ, ಗೊತ್ತಾಗುತ್ತಿಲ್ಲ ಎಂದೋ.

ಟೇಪು ಸುತ್ತಿ ಮೊಳೆಗೆ ಹಾಕಿದರು. ಬಾಗಿಲಲ್ಲಿ ಗುರುತು ಕೆತ್ತಲಿಲ್ಲ. ನೂರಾ ಹದಿನಾರು ಅಡಿಗೇ ಬಾಗಿಲು ಮುಗಿಯುತ್ತಿತ್ತು.

"ಹುಷಾರು," ಎಂದಳು ಡಲ್ಸಿ. "ಅವರು ಎಷ್ಟು ಅಡಿಯಿಂದ ಎತ್ತುತ್ತಾರೆ, ಕೇಳಿ ಬರಿ."

"ಬರೀತೀನಿ. ನೀನು ಓದ್ಕೋ, ಯಾರ್ಗೂ ತೋರಿಸ್ಬೇಡ," ಎಂದ ಕ್ಲೆಮ್. ಅಷ್ಟಕ್ಕೇ ಇಬ್ಬರಿಗೂ ಸ್ವಲ್ಪ ನಗು ಬಂತು.

ಕ್ಲೆಮ್ ಪೆಥೆರಿಕ್ ಹುಲ್ಲಿನ ಯಂತ್ರವನ್ನು ಕಟ್ಟಿಕೊಂಡು ಕಣಿವೆಯ ಕೆಳಗೆ ಹೊರಟದ್ದು ಈಸ್ಟರ್‌ಗೆ ಮುಂಚಿನ ಗುರುವಾರ.